ಕನಿಷ್ಠ ಕೂಲಿ ಹೆಚ್ಚಬೇಕೆ? ಚರ್ಚೆಗೆ ಮುನ್ನ ಒಂದಿಷ್ಟು ಲೆಕ್ಕ

'ಕನಿಷ್ಠ ಕೂಲಿಯನ್ನು ಸರ್ಕಾರ ಹೆಚ್ಚಿಸಬೇಕೆ?' ಎಂಬ ವಿಷಯವನ್ನು ಯಾದಗಿರಿ, ಶಹಾಪುರ, ಸುರಪುರದ ವಿದ್ಯಾರ್ಥಿಗಳ ಮುಂದಿಟ್ಟರೆ ಚರ್ಚೆ ಬೇಗ ಕಾವೇರುತ್ತದೆ. ಇಲ್ಲಿ ಹತ್ತಿ ಬಿಡಿಸಲು ಹೋಗುವ ತಾಯಿಯ ಮಗಳೂ, ಹತ್ತಿ ಬಿಡಿಸಲು ಆಳು ಸಿಗದೆ ಪರದಾಡುವ ರೈತನ ಮಗನೂ ಒಂದೇ ತರಗತಿಯಲ್ಲಿ ಕುಳಿತಿರುತ್ತಾರೆ. ಒಂದು ಮನೆಯ ವರಮಾನ ಇನ್ನೊಂದು ಮನೆಯ ಖರ್ಚು. ಹೀಗಿರುವಾಗ ಚಪ್ಪಾಳೆ ಗಿಟ್ಟಿಸುವ ಮಾತು ಸುಲಭ. ಪ್ರಶ್ನೆಗೆ ನಿಲ್ಲುವ ಮಾತಿಗೆ ಲೆಕ್ಕ ಬೇಕು.

ಮೊದಲ ಪ್ರಶ್ನೆ: 'ಕನಿಷ್ಠ' ಎಂದರೆ ಎಷ್ಟು? 1957ರಲ್ಲಿ ನಡೆದ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಇದಕ್ಕೊಂದು ಅಳತೆಗೋಲು ಕೊಟ್ಟಿತು. ದುಡಿಯುವವರೊಬ್ಬರ ಕುಟುಂಬವನ್ನು ಮೂರು ಘಟಕವೆಂದು ಎಣಿಸಬೇಕು. ಪ್ರತಿ ಘಟಕಕ್ಕೆ ದಿನಕ್ಕೆ 2,700 ಕ್ಯಾಲೊರಿ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ ಸೇರಿಸಬೇಕು. ಉರುವಲು, ದೀಪ ಮುಂತಾದವಕ್ಕೆ ಒಟ್ಟು ಕೂಲಿಯಲ್ಲಿ ಶೇಕಡಾ 20 ಇರಬೇಕು. ಮಕ್ಕಳ ಓದು, ಔಷಧೋಪಚಾರ, ಮುಪ್ಪು ಇವುಗಳಿಗೂ ಶೇಕಡಾ 25ರಷ್ಟು ಸೇರಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿತು. ಅಂದರೆ ಕನಿಷ್ಠ ಕೂಲಿಯ ಲೆಕ್ಕದಲ್ಲಿ ನಿಮ್ಮ ಪಠ್ಯಪುಸ್ತಕಕ್ಕೂ ಒಂದು ಪಾಲಿದೆ.

ಎರಡನೆಯದು ಕಾನೂನು. 1948ರ ಕನಿಷ್ಠ ವೇತನ ಕಾಯ್ದೆ ತನ್ನ ಪಟ್ಟಿಯಲ್ಲಿದ್ದ ಉದ್ಯೋಗಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಕೃಷಿ ಆ ಪಟ್ಟಿಯಲ್ಲಿತ್ತು. ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆ 2025ರ ನವೆಂಬರ್ 21ರಂದು ಜಾರಿಯಾಯಿತು. ಇದು ಎಲ್ಲ ಉದ್ಯೋಗಗಳನ್ನೂ ಒಳಗೊಳ್ಳುತ್ತದೆ. ಕನಿಷ್ಠಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸುವ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ತೀರ್ಪಿತ್ತಿದೆ.

ಇನ್ನು ವಾದ-ವಿವಾದ. 2025ರ ಏಪ್ರಿಲ್‌ನಲ್ಲಿ ಕರ್ನಾಟಕ ಸರ್ಕಾರ ಕನಿಷ್ಠ ವೇತನ ಹೆಚ್ಚಳದ ಕರಡು ಪ್ರಕಟಿಸಿದಾಗ ಕಾರ್ಮಿಕ ಸಂಘಟನೆಗಳು ಸ್ವಾಗತಿಸಿದವು, ಉದ್ಯಮಿಗಳ ಸಂಘಗಳು ಆಕ್ಷೇಪಿಸಿದವು. ಕೂಲಿ ಏರಿದರೆ ಕೆಲಸ ಕಡಿಮೆಯಾಗುತ್ತದೆಂಬುದು ವಿರೋಧ ಪಕ್ಷದ ಮುಖ್ಯ ವಾದ. ಇದನ್ನು ಪರೀಕ್ಷಿಸಬಹುದೆ? ಅಮೆರಿಕದ ನ್ಯೂಜೆರ್ಸಿ ರಾಜ್ಯ 1992ರಲ್ಲಿ ಗಂಟೆಯ ಕನಿಷ್ಠ ಕೂಲಿಯನ್ನು 4.25ರಿಂದ 5.05 ಡಾಲರಿಗೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎರಡೂ ಕಡೆಯ ತಿಂಡಿ ಅಂಗಡಿಗಳನ್ನು ಹೋಲಿಸಿ ನೋಡಿದರು. ಕೆಲಸ ಕಡಿಮೆಯಾದದ್ದು ಅವರಿಗೆ ಕಾಣಲಿಲ್ಲ. ಬೇರೆ ಅರ್ಥಶಾಸ್ತ್ರಜ್ಞರು ಆ ಅಂಕಿಗಳನ್ನು ಪ್ರಶ್ನಿಸಿದರು, ವಾದ ಮುಗಿದಿಲ್ಲ. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಆದರೆ ತಿಂಡಿ ಅಂಗಡಿಯ ಫಲಿತಾಂಶವನ್ನು ಹಾಗೆಯೇ ಹತ್ತಿ ಹೊಲಕ್ಕೆ ತರಲಾಗದು. ಹತ್ತಿ ಬಿಡಿಸುವ ಕೂಲಿ ಸಾಮಾನ್ಯವಾಗಿ ಕಿಲೋ ಲೆಕ್ಕದ್ದು. ಕಿಲೋಗೆ 10 ರೂಪಾಯಿ ಎಂದಿಟ್ಟುಕೊಳ್ಳಿ. ಗಿಡದ ತುಂಬ ಹತ್ತಿ ಒಡೆದಾಗ ಒಬ್ಬಾಕೆ ದಿನಕ್ಕೆ 40 ಕಿಲೋ ಬಿಡಿಸಿದರೆ 400 ರೂಪಾಯಿ. ಕೊನೆಯ ಬಿಡಿಕೆಯಲ್ಲಿ ಅಷ್ಟೇ ಹೊತ್ತು ದುಡಿದರೂ 20 ಕಿಲೋ ಸಿಕ್ಕರೆ 200 ಮಾತ್ರ. ದರ ಇಳಿದಿಲ್ಲ, ಕೂಲಿ ಅರ್ಧಕ್ಕಿಳಿಯಿತು. ತುಂಡು ಲೆಕ್ಕದ ಕೆಲಸಕ್ಕೂ ದಿನದ ಕನಿಷ್ಠ ದಕ್ಕಬೇಕೆಂದು ಕಾನೂನು ಹೇಳುತ್ತದೆ. ಹೊಲದ ಬದುವಿನ ಮೇಲೆ ಆ ಲೆಕ್ಕ ಹಾಕುವವರಾರು?

ಈಗ ರೈತನ ಕಡೆ ತಿರುಗೋಣ. 2025-26ರಲ್ಲಿ ಉದ್ದ ಎಳೆಯ ಹತ್ತಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 8,110 ರೂಪಾಯಿ. ನಮ್ಮ ಲೆಕ್ಕದಂತೆ ಬಿಡಿಸುವ ಕೂಲಿಯೇ 1,000. ಬೀಜ, ಗೊಬ್ಬರ, ಔಷಧಿ ಬೇರೆ. ಜೊತೆಗೆ, ಬೆಂಬಲ ಬೆಲೆಗಿಂತ ಕಡಿಮೆಗೆ ಕೊಳ್ಳುವ ವ್ಯಾಪಾರಿಗೆ ಈ ಬೆಲೆ ನಿಗದಿಯಿಂದಲೇ ಶಿಕ್ಷೆಯಿಲ್ಲ. ಕನಿಷ್ಠ ಕೂಲಿ ಕೊಡದವನಿಗೆ ದಂಡವಿದೆ. ತನ್ನ ಕಾಲಿನ ಕೆಳಗೆ ನೆಲೆ ಗಟ್ಟಿಯಿಲ್ಲದ ಸಣ್ಣ ರೈತ ಇನ್ನೊಬ್ಬರಿಗೆ ನೆಲೆ ಒದಗಿಸಬೇಕಾಗಿದೆ.

ಆದರೂ ಬೆಂಬಲ ಬೆಲೆಗೂ ಕನಿಷ್ಠ ಕೂಲಿಗೂ ತತ್ವ ಒಂದೇ: ದುಡಿಮೆಯ ಫಲ ಒಂದು ಮಟ್ಟಕ್ಕಿಂತ ಕೆಳಗೆ ಇಳಿಯಬಾರದು. ಮೊದಲನೆಯದನ್ನು ಕೇಳುವವರು ಎರಡನೆಯದನ್ನು ಬೇಡವೆನ್ನುವುದು ಕಷ್ಟ. ಬೆಲೆ ಶಿಫಾರಸು ಮಾಡುವಾಗ ಕೊಟ್ಟ ಕೂಲಿಯನ್ನೂ ಬೇಸಾಯದ ವೆಚ್ಚದಲ್ಲಿ ಎಣಿಸುತ್ತಾರೆ. ಹಾಗಾಗಿ ಒಂದು ಏರಿದರೆ ಇನ್ನೊಂದರ ಲೆಕ್ಕವೂ ಬದಲಾಗಬೇಕು.

ಕೊನೆಯದು, ಕೂಲಿಯ ದರದಷ್ಟೇ ಮುಖ್ಯವಾದ ಕೂಲಿಯ ದಿನಗಳು. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿಯುವ ಶಹಾಪುರ, ಸುರಪುರದ ಹೊಲಗಳಲ್ಲಿ ಕೆಲಸ ಹೆಚ್ಚು ದಿನ ಇರುತ್ತದೆ. ಮಳೆಯನ್ನೇ ನಂಬಿದ ಹಳ್ಳಿಗಳಲ್ಲಿ ತೊಗರಿ ರಾಶಿ ಮುಗಿದ ಮೇಲೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವವರಿದ್ದಾರೆ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ ಇತ್ತು. ಒಂದು ಕುಟುಂಬಕ್ಕೆ ಆಗಿನ ಖಾತರಿಯ 100 ದಿನವೂ ಪೂರ್ತಿ ಕೆಲಸ ಸಿಕ್ಕಿದ್ದರೆ ವರ್ಷಕ್ಕೆ 37,000 ಆಗುತ್ತಿತ್ತು. ಉಳಿದ 265 ದಿನಗಳ ಮಾತೇನು?

ವಿದ್ಯಾರ್ಥಿ ಮಿತ್ರರೆ, ನೀವು ಯಾವ ಪಕ್ಷದಲ್ಲೇ ನಿಲ್ಲಿ, ಮೂರು ಪ್ರಶ್ನೆಗಳಿಗೆ ಉತ್ತರ ಇಟ್ಟುಕೊಳ್ಳಿ. ಎಷ್ಟು ಎಂಬುದನ್ನು ಯಾವ ಅಳತೆಯಿಂದ ಹೇಳುತ್ತೀರಿ? ಅದನ್ನು ಕೊಡುವವನಿಗೆ ಎಲ್ಲಿಂದ ಬರಬೇಕು? ಕಾಗದದ ಮೇಲಿನ ಅಂಕಿ ಕೈ ಸೇರಿತೆಂದು ನೋಡುವವರು ಯಾರು? ಚರ್ಚೆಗೆ ಹೋಗುವ ಮುನ್ನ ಹತ್ತಿ ಬಿಡಿಸುವ ಒಬ್ಬರನ್ನೂ ಬಿಡಿಸುವವರನ್ನು ಕರೆಯುವ ಒಬ್ಬರನ್ನೂ ಕೇಳಿ ಬನ್ನಿ. ಬಹುಮಟ್ಟಿಗೆ ಇಬ್ಬರೂ ನಿಮ್ಮ ಓಣಿಯಲ್ಲೇ ಸಿಗುತ್ತಾರೆ.