ಓಗೊಟ್ಟದ್ದು ಯಾವ ಜಾವಾ?

ಒಂದೇ ಕಂಪ್ಯೂಟರಿನಲ್ಲಿ ಜಾವಾದ ಎರಡು ಮೂರು ಆವೃತ್ತಿಗಳು ಸೇರಿಕೊಂಡಾಗ, ನಿನ್ನೆಯವರೆಗೆ ನಡೆಯುತ್ತಿದ್ದ ತಂತ್ರಾಂಶ ಇಂದು ತೆರೆದುಕೊಳ್ಳದೆ ಹೋಗಬಹುದು. ಐಕಾನ್ ಒತ್ತಿದರೆ ಅರೆಕ್ಷಣ ಸುತ್ತುವ ಗುರುತು ಕಾಣಿಸುತ್ತದೆ, ಆಮೇಲೆ ಏನೂ ಇಲ್ಲ. ಬಹಳ ಮಂದಿ ಆಗ ತಂತ್ರಾಂಶವನ್ನು ತೆಗೆದು ಮತ್ತೆ ಹಾಕುತ್ತಾರೆ. ಅದಕ್ಕೂ ಬಗ್ಗದಿದ್ದರೆ ಇಡೀ ಕಂಪ್ಯೂಟರನ್ನೇ ಫಾರ್ಮ್ಯಾಟ್ ಮಾಡಿಸುತ್ತಾರೆ. ಇಂಥ ತೊಂದರೆಗೆ ಎರಡೂ ಬೇಕಾಗುವುದಿಲ್ಲ. ತಂತ್ರಾಂಶ ನೆಟ್ಟಗೇ ಇರುತ್ತದೆ, ಅದರ ಕರೆಗೆ ಓಗೊಟ್ಟ ಜಾವಾ ಮಾತ್ರ ಬೇರೆಯದಾಗಿರುತ್ತದೆ.

ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ತಂತ್ರಾಂಶ ತಾನಾಗಿ ಓಡುವುದಿಲ್ಲ. ಅದನ್ನು ಓದಿ ನಡೆಸಲು ರನ್‌ಟೈಮ್ ಎಂಬ ಇನ್ನೊಂದು ತಂತ್ರಾಂಶ ಇರಬೇಕು. ಡಿಜಿಟಲ್ ಸಹಿ ಹಾಕುವ ಸಲಕರಣೆ ಒಂದು ಆವೃತ್ತಿಯನ್ನು ಕೇಳುತ್ತದೆ, ಕಾಲೇಜಿನ ಪ್ರೋಗ್ರಾಮಿಂಗ್ ಪಾಠ ಇನ್ನೊಂದನ್ನು, ಮಕ್ಕಳ ಮೈನ್‌ಕ್ರಾಫ್ಟ್ ಸರ್ವರ್ ಮತ್ತೊಂದನ್ನು. 2014ರಲ್ಲಿ ಬಂದ ಜಾವಾ 8 ಇಂದಿಗೂ ಬಳಕೆಯಲ್ಲಿದೆ. 2017ರ ಸೆಪ್ಟೆಂಬರಿನಲ್ಲಿ ಜಾವಾ 9 ಹೊರಬಂದ ಮೇಲೆ ಆರು ತಿಂಗಳಿಗೊಂದು ಹೊಸ ಆವೃತ್ತಿ ಬರುತ್ತಿದೆ. ಇವುಗಳಲ್ಲಿ 11, 17, 21 ಮುಂತಾದ ಕೆಲವು ದೀರ್ಘಕಾಲದ ಬೆಂಬಲವಿರುವಂಥವು. ಪ್ರತಿಯೊಂದೂ ತನ್ನದೇ ಫೋಲ್ಡರಿನಲ್ಲಿ ಕೂರುವುದರಿಂದ ಒಂದರ ಪಕ್ಕದಲ್ಲಿ ಇನ್ನೊಂದು ಇರುವುದೇ ತಪ್ಪೇನಲ್ಲ. ಎಲ್ಲದರ ಹೆಸರೂ ‘ಜಾವಾ’ ಎಂಬುದೇ ತೊಡಕು. ಒಂದೇ ಹೆಸರಿನ ಮೂವರಿರುವ ಮನೆಯಲ್ಲಿ ಕೂಗಿದರೆ ಬಾಗಿಲಿಗೆ ಹತ್ತಿರ ಇರುವವನು ಎದ್ದು ಬರುತ್ತಾನೆ.

ಬಂದವನು ಹಳಬನಾದರೆ ಏನಾಗುತ್ತದೆ? ಜಾವಾದ ಪ್ರತಿಯೊಂದು ಕ್ಲಾಸ್ ಫೈಲಿನ ಏಳು ಮತ್ತು ಎಂಟನೆಯ ಬೈಟ್‌ಗಳಲ್ಲಿ ಒಂದು ಸಂಖ್ಯೆ ಇರುತ್ತದೆ. ಜಾವಾ 8ಕ್ಕೆ 52, 11ಕ್ಕೆ 55, 17ಕ್ಕೆ 61, 21ಕ್ಕೆ 65. ರನ್‌ಟೈಮ್ ಮೊದಲು ಇದನ್ನು ನೋಡುತ್ತದೆ. ತನಗೆ ಗೊತ್ತಿರುವುದಕ್ಕಿಂತ ದೊಡ್ಡ ಸಂಖ್ಯೆಯಾದರೆ ಮುಂದೆ ಓದುವುದೇ ಇಲ್ಲ. ಆಗ ಬರುವ ದೋಷದ ಹೆಸರು ‘ಅನ್‌ಸಪೋರ್ಟೆಡ್ ಕ್ಲಾಸ್ ವರ್ಷನ್ ಎರರ್’. ನೋಡಿದರೆ ಗಾಬರಿಯಾಗುವಷ್ಟು ಉದ್ದದ ಸಂದೇಶ. ಆದರೆ ಇಷ್ಟು ಪ್ರಾಮಾಣಿಕವಾದ ದೋಷ ಸಂದೇಶ ಸಿಗುವುದು ಅಪರೂಪ. ಅದರಲ್ಲಿ ಎರಡು ಸಂಖ್ಯೆಗಳಿರುತ್ತವೆ: ತಂತ್ರಾಂಶ ಕೇಳಿದ್ದು ಯಾವುದು, ಸಿಕ್ಕ ಜಾವಾ ಎಲ್ಲಿಯವರೆಗೆ ಬಲ್ಲದು. ಇವುಗಳಲ್ಲಿ ಯಾವುದರಿಂದ 44 ಕಳೆದರೂ ಅದರ ಜಾವಾ ಆವೃತ್ತಿ ದೊರೆಯುತ್ತದೆ. ಮೈನ್‌ಕ್ರಾಫ್ಟ್ 1.17 ಜಾವಾ 16ನ್ನೂ, 1.18 ಜಾವಾ 17ನ್ನೂ, 1.20.5 ಜಾವಾ 21ನ್ನೂ ಬಯಸತೊಡಗಿದಾಗ, ಹಳೆಯ ಜಾವಾದಲ್ಲೇ ಸರ್ವರ್ ನಡೆಸಹೊರಟವರಿಗೆ ಎದುರಾದದ್ದು ಇದೇ ಸಂದೇಶ.

ಬಂದವನು ತೀರ ಹೊಸಬನಾದರೂ ಕಷ್ಟವೇ, ಮತ್ತು ಇದನ್ನು ಗುರುತಿಸುವುದು ಇನ್ನೂ ಕಷ್ಟ. ಜಾವಾ 8ರ ವರೆಗೆ ಆವೃತ್ತಿಯನ್ನು ‘1.8’ ಎಂಬಂತೆ ಬರೆಯುತ್ತಿದ್ದರು. 9ರಿಂದ ನೇರವಾಗಿ ‘9’ ಎಂದಾಯಿತು. ಮೊದಲ ಅಂಕಿ 1 ಇದ್ದೇ ಇರುತ್ತದೆಂದು ನಂಬಿದ್ದ ಕೆಲವು ಹಳೆಯ ತಂತ್ರಾಂಶಗಳು ಅಲ್ಲೇ ಮುಗ್ಗರಿಸಿದವು. ಜಾವಾ 11ರಲ್ಲಿ ಎಕ್ಸ್‌ಎಂಎಲ್ ಓದಲು ಬಳಸುತ್ತಿದ್ದ ಜಾಕ್ಸ್‌ಬಿ ಭಾಗವನ್ನು ತೆಗೆದುಹಾಕಲಾಯಿತು. ಅದನ್ನು ನೆಚ್ಚಿದ್ದ ತಂತ್ರಾಂಶ ‘ಕ್ಲಾಸ್ ಸಿಗಲಿಲ್ಲ’ ಎಂದು ನಿಲ್ಲುತ್ತದೆ. ಸಂದೇಶದಲ್ಲಿ ಆವೃತ್ತಿಯ ಮಾತೇ ಇರುವುದಿಲ್ಲ, ಹಾಗಾಗಿ ಯಾವುದೋ ಫೈಲ್ ಅಳಿಸಿಹೋಗಿದೆ ಎಂದೇ ಅನ್ನಿಸುತ್ತದೆ.

ಕರೆ ಯಾರಿಗೆ ಮುಟ್ಟುತ್ತದೆ ಎಂಬುದು ಕರೆದ ದಾರಿಯ ಮೇಲೆ ನಿಂತಿದೆ. ವಿಂಡೋಸ್‌ನಲ್ಲಿ ಅಂಥ ದಾರಿ ಮೂರು. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಜಾವಾ’ ಎಂದು ಟೈಪ್ ಮಾಡಿದರೆ ‘ಪಾತ್’ ಎಂಬ ಫೋಲ್ಡರ್ ಪಟ್ಟಿಯನ್ನು ಮೇಲಿನಿಂದ ಕೆಳಗೆ ಹುಡುಕಿ, ಮೊದಲು ಸಿಕ್ಕಿದ್ದನ್ನು ನಡೆಸುತ್ತದೆ. ಇಡೀ ಕಂಪ್ಯೂಟರಿನ ಪಟ್ಟಿ ಮೊದಲು, ಬಳಕೆದಾರರ ಪಟ್ಟಿ ಅದರ ಹಿಂದೆ. ತಮ್ಮ ಖಾತೆಯ ಪಟ್ಟಿಯಲ್ಲಿ ಎಷ್ಟೇ ಮೇಲೆ ಬರೆದರೂ ಪರಿಣಾಮ ಕಾಣದಿರುವುದಕ್ಕೆ ಇದೇ ಕಾರಣ. ಎರಡನೆಯದು ‘ಜಾವಾ ಹೋಮ್’ ಎಂಬ ಸೆಟ್ಟಿಂಗ್. ಗ್ರೇಡಲ್, ಟಾಮ್‌ಕ್ಯಾಟ್‌ನಂಥ ಜಾವಾ ಸಲಕರಣೆಗಳು ಅದನ್ನು ನೋಡುತ್ತವೆ. ಜಾವಾ ತಂತ್ರಾಂಶವನ್ನು ಕಟ್ಟಿಟ್ಟಿರುವ ಜಾರ್ ಫೈಲನ್ನು ಡಬಲ್ ಕ್ಲಿಕ್ ಮಾಡಿದಾಗ ತೆರೆಯುವುದು ಮೂರನೆಯ ದಾರಿ. ಆ ಬಗೆಯ ಫೈಲಿಗೆ ವಿಂಡೋಸ್ ಗಂಟು ಹಾಕಿರುವ ಜಾವಾ ಯಾವುದೋ ಅದೇ ಏಳುತ್ತದೆ, ಪಾತ್ ಏನೇ ಹೇಳಲಿ. ಅದೂ ಸಾಮಾನ್ಯವಾಗಿ ‘ಜಾವಾಡಬ್ಲ್ಯೂ’ ಎಂಬ, ಕಮಾಂಡ್ ಕಿಟಕಿಯಿಲ್ಲದ ರೂಪ. ಎಷ್ಟೋ ಸಲ ದೋಷ ಸಂದೇಶ ಬರೆಯಲು ಅದಕ್ಕೆ ಜಾಗವೇ ಇರುವುದಿಲ್ಲ. ಐಕಾನ್ ಒತ್ತಿದಾಗ ಮೌನ ಹುಟ್ಟುವುದು ಇಲ್ಲಿಂದ.

ಆದ್ದರಿಂದ ತಪಾಸಣೆ ಶುರುವಾಗಬೇಕಾದದ್ದು ಕಮಾಂಡ್ ಪ್ರಾಂಪ್ಟ್‌ನಲ್ಲಿ. ‘ಜಾವಾ -ಜಾರ್’ ಎಂದು ಬರೆದು ಮುಂದೆ ಫೈಲಿನ ಹೆಸರು ಕೊಟ್ಟರೆ ಅಡಗಿದ್ದ ಸಂದೇಶ ಹೊರಬೀಳುತ್ತದೆ. ‘ಜಾವಾ -ವರ್ಷನ್’ ಎಂದರೆ ಓಗೊಡುತ್ತಿರುವುದು ಯಾವುದೆಂದು ತಿಳಿಯುತ್ತದೆ. ‘ವೇರ್ ಜಾವಾ’ ಎಂದರೆ ಪಾತ್‌ನಲ್ಲಿರುವ ಎಲ್ಲ ಜಾವಾಗಳೂ ಸರದಿಯ ಪ್ರಕಾರ ಸಾಲಾಗಿ ಬರುತ್ತವೆ. ಪವರ್‌ಶೆಲ್‌ನಲ್ಲಿ ‘ವೇರ್’ ಪದಕ್ಕೆ ಬೇರೆ ಕೆಲಸವಿರುವುದರಿಂದ ಅಲ್ಲಿ ‘ವೇರ್.ಇಎಕ್ಸ್‌ಇ’ ಎಂದೇ ಬರೆಯಬೇಕು. ಜಾವಾ ಹೋಮ್ ಯಾವ ಫೋಲ್ಡರನ್ನು ತೋರಿಸುತ್ತಿದೆ ಎಂಬುದನ್ನೂ ನೋಡಬೇಕು. ಎಂದೋ ಅಳಿಸಿದ ಆವೃತ್ತಿಯತ್ತ ಅದು ಇನ್ನೂ ಬೆರಳು ಮಾಡುತ್ತಿರುವುದುಂಟು. ಸೆಟ್ಟಿಂಗ್ ಬದಲಿಸಿದ ಮೇಲೆ ಹೊಸ ಕಿಟಕಿ ತೆರೆದೇ ಪರೀಕ್ಷಿಸಬೇಕು. ಮೊದಲೇ ತೆರೆದಿದ್ದ ಕಿಟಕಿ ಹಳೆಯ ಪಟ್ಟಿಯನ್ನೇ ಹಿಡಿದು ಕೂತಿರುತ್ತದೆ.

ಕಾರಣ ಗೊತ್ತಾದ ಮೇಲೆ ಹಳೆಯ ಜಾವಾವನ್ನು ಕಿತ್ತೊಗೆಯುವುದು ದುಡುಕು. ಅದನ್ನೇ ನಂಬಿದ ಇನ್ನೊಂದು ತಂತ್ರಾಂಶ ನಾಳೆ ನಿಲ್ಲುತ್ತದೆ. ಇಡೀ ಕಂಪ್ಯೂಟರಿನ ಪಟ್ಟಿಯನ್ನು ತಿದ್ದುವುದಕ್ಕಿಂತ, ಆಯಾ ತಂತ್ರಾಂಶಕ್ಕೆ ಅದರ ಜಾವಾವನ್ನು ಹೆಸರು ಹಿಡಿದು ತೋರಿಸುವುದು ಲೇಸು. ಶಾರ್ಟ್‌ಕಟ್‌ನ ‘ಟಾರ್ಗೆಟ್’ ಸಾಲಿನಲ್ಲಿ ಬೇಕಾದ ಜಾವಾದ ಪೂರ್ಣ ವಿಳಾಸ ಬರೆಯಬಹುದು. ಬ್ಯಾಚ್ ಫೈಲಿನ ಮೊದಲ ಸಾಲಿನಲ್ಲಿ ಜಾವಾ ಹೋಮ್ ನಿಗದಿ ಮಾಡಿದರೆ ಅದು ಆ ಕಿಟಕಿಗಷ್ಟೇ ಅನ್ವಯಿಸುತ್ತದೆ. ಎಕ್ಲಿಪ್ಸ್ ಎಂಬ ಪ್ರೋಗ್ರಾಮಿಂಗ್ ತಂತ್ರಾಂಶದಲ್ಲಿ ಸೆಟ್ಟಿಂಗ್ ಫೈಲಿನ ‘-ವಿಎಂ’ ಸಾಲು ಇದಕ್ಕೆಂದೇ ಇದೆ. ವಿಳಾಸವನ್ನು ಮಾತ್ರ ಅದರ ಮುಂದಿನ ಸಾಲಿನಲ್ಲಿ ಬರೆಯಬೇಕು. ಆವೃತ್ತಿ ಸರಿಯಿದ್ದೂ ‘ಜೆವಿಎಂ.ಡಿಎಲ್‌ಎಲ್’ ತೆರೆಯಲಾಗಲಿಲ್ಲ ಎಂಬ ದೂರು ಬಂದರೆ, 32 ಬಿಟ್ ತಂತ್ರಾಂಶಕ್ಕೆ 64 ಬಿಟ್ ಜಾವಾ ಸಿಕ್ಕಿದೆಯೇ ಎಂದು ನೋಡಬೇಕು. ಮೈನ್‌ಕ್ರಾಫ್ಟ್‌ನ ಅಧಿಕೃತ ಲಾಂಚರ್ ಸೇರಿದಂತೆ ಈಚಿನ ಹಲವು ತಂತ್ರಾಂಶಗಳು ತಮ್ಮ ಜಾವಾವನ್ನು ತಾವೇ ಹೊತ್ತು ತರುತ್ತವೆ. ಡಿಸ್ಕಿನಲ್ಲಿ ಜಾಗ ಹೆಚ್ಚು ಹೋಗುತ್ತದೆ ನಿಜ, ಬಳಸುವವರ ನೆಮ್ಮದಿಯ ಮುಂದೆ ಅದು ದೊಡ್ಡದಲ್ಲ.

ಲಿನಕ್ಸ್‌ನಲ್ಲಿ ಇದೇ ಕಥೆ ಪೈಥಾನ್ ಎಂಬ ಇನ್ನೊಂದು ಭಾಷೆಯ ಹೆಸರಿನಲ್ಲಿ ನಡೆಯುತ್ತದೆ, ಪೆಟ್ಟೂ ಜೋರು. ಉಬುಂಟುವಿನ ಹಲವು ಆವೃತ್ತಿಗಳಲ್ಲಿ ಟರ್ಮಿನಲ್ ಕಿಟಕಿಯನ್ನು ಎಬ್ಬಿಸುವುದೇ ಒಂದು ಪೈಥಾನ್ ಕಡತ. ಹೊಸ ಪೈಥಾನ್ ಹಾಕಿ ‘ಪೈಥಾನ್3’ ಎಂಬ ಹೆಸರನ್ನು ಅದಕ್ಕೆ ತಿರುಗಿಸಿದರೆ, ಮರುದಿನ ಟರ್ಮಿನಲ್ಲೇ ತೆರೆಯದಿರಬಹುದು. ದುರಸ್ತಿಗೆ ಬೇಕಾದ ಬಾಗಿಲೇ ಮುಚ್ಚಿದಂತೆ. ಕಂಟ್ರೋಲ್, ಆಲ್ಟ್ ಮತ್ತು ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬರಿಯ ಅಕ್ಷರಗಳ ಪರದೆ ಬರುತ್ತದೆ. ಅಲ್ಲಿ ಲಾಗಿನ್ ಆಗಿ ಆ ಹೆಸರನ್ನು ವ್ಯವಸ್ಥೆಯ ಮೂಲ ಪೈಥಾನ್‌ಗೆ ಮತ್ತೆ ಕಟ್ಟಿದರೆ ಟರ್ಮಿನಲ್ ಏಳುತ್ತದೆ. ಹೊಸ ಪೈಥಾನನ್ನು ‘ಪೈಥಾನ್3.12’ ಎಂಬಂತೆ ಪೂರ್ಣ ಹೆಸರಿನಿಂದಲೇ ಕರೆದು, ಪ್ರತಿ ಕೆಲಸಕ್ಕೂ ‘ವೆನ್ವ್’ ಎಂಬ ಪ್ರತ್ಯೇಕ ಫೋಲ್ಡರ್ ಮಾಡಿಕೊಂಡರೆ ಮೂಲ ಹೆಸರಿಗೆ ಕೈಹಾಕುವ ಪ್ರಮೇಯವೇ ಬರುವುದಿಲ್ಲ.