ಗ್ಲೂಕೋಸನ್ನು ಅಳೆಯುವ ಬಗೆ

ಸಕ್ಕರೆಯೆಂದೊಡನೆ ನಮಗೆ ನೆನಪಾಗುವುದು ಕಬ್ಬಿನ ಸಕ್ಕರೆ. ಆದರೆ ಸಕ್ಕರೆಗಳಲ್ಲಿ ಹಲವು ಬಗೆಗಳುಂಟು. ಹಾಲಿನಲ್ಲಿರುವುದು ಲ್ಯಾಕ್ಟೋಸ್, ಜೇನಿನಲ್ಲಿ ಗ್ಲೂಕೋಸ್, ಫ್ರಕ್ಟೋಸ್‌ಗಳೆರಡೂ ಬೆರೆತಿರುತ್ತವೆ. ಇಂತಹ ಮಿಶ್ರಣದಲ್ಲಿ ಗ್ಲೂಕೋಸನ್ನು ಮಾತ್ರ ಅಳೆಯುವುದು ಹೇಗೆ?

ಬೆನೆಡಿಕ್ಟ್ ದ್ರಾವಣವು ಮೈಲುತುತ್ತದಿಂದ ತಯಾರಾದ ನೀಲಿ ದ್ರವ. ಅದಕ್ಕೆ ಗ್ಲೂಕೋಸನ್ನು ಬೆರೆಸಿ ಕಾಯಿಸಿದರೆ, ಗ್ಲೂಕೋಸಿನ ಪ್ರಮಾಣಕ್ಕೆ ತಕ್ಕಂತೆ ಹಸಿರು, ಹಳದಿ ಅಥವಾ ಇಟ್ಟಿಗೆಗೆಂಪು ಬಣ್ಣ ತೋರುತ್ತದೆ. ಆದರೆ ಫ್ರಕ್ಟೋಸ್, ಲ್ಯಾಕ್ಟೋಸ್‌ಗಳೂ ಇದೇ ಬಣ್ಣಗಳನ್ನು ಕೊಡುತ್ತವೆ. ಹಿಂದೆ ಮಧುಮೇಹವನ್ನು ಗುರುತಿಸಲು ಮೂತ್ರವನ್ನು ಹೀಗೆಯೇ ಪರೀಕ್ಷಿಸುತ್ತಿದ್ದರು. ಹಾಲೂಡಿಸುವ ತಾಯಿಯ ಮೂತ್ರದಲ್ಲಿ ಲ್ಯಾಕ್ಟೋಸ್ ಇರುವುದುಂಟು. ಬಣ್ಣವನ್ನಷ್ಟೇ ನಂಬಿದರೆ ಆರೋಗ್ಯವಂತಳಾದ ಆಕೆಯನ್ನು ಮಧುಮೇಹಿಯೆಂದು ಭಾವಿಸುವ ಅಪಾಯವಿತ್ತು.

ಈ ತೊಡಕಿಗೆ ಪರಿಹಾರ ದೊರೆತದ್ದು ಒಂದು ಬೂಷ್ಟಿನಿಂದ. 1928ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಡೆಟ್ಲೆವ್ ಮ್ಯುಲ್ಲರ್ ಅದರಲ್ಲಿ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಕಂಡುಹಿಡಿದನು. ಬೀಗಕ್ಕೆ ಅದರದೇ ಕೀಲಿ ಹೊಂದುವಂತೆ ಈ ಕಿಣ್ವಕ್ಕೆ ಹೊಂದುವುದು ಗ್ಲೂಕೋಸ್; ಉಳಿದ ಸಕ್ಕರೆಗಳ ಮೇಲೆ ಅದರ ಪ್ರಭಾವ ಅತ್ಯಲ್ಪ. ಗಾಳಿಯ ಆಮ್ಲಜನಕದ ನೆರವಿನಿಂದ ಅದು ಗ್ಲೂಕೋಸನ್ನು ಮಾರ್ಪಡಿಸುವಾಗ ಹೈಡ್ರೋಜನ್ ಪೆರಾಕ್ಸೈಡ್ ಉಂಟಾಗುತ್ತದೆ. ಪೆರಾಕ್ಸಿಡೇಸ್ ಎಂಬ ಇನ್ನೊಂದು ಕಿಣ್ವವು ಈ ಪೆರಾಕ್ಸೈಡಿನ ಸಹಾಯದಿಂದ ಬಣ್ಣವಿಲ್ಲದ ವಸ್ತುವಿಗೆ ಬಣ್ಣ ಬರಿಸುತ್ತದೆ.

ಗ್ಲೂಕೋಸ್ ಹೆಚ್ಚಿದಂತೆ ಬಣ್ಣವೂ ಗಾಢವಾಗುತ್ತದೆ. ಆ ಗಾಢತೆಯನ್ನು ವರ್ಣಮಾಪಕದಿಂದ ಅಳೆದು, ಪ್ರಮಾಣ ತಿಳಿದಿರುವ ಗ್ಲೂಕೋಸ್ ದ್ರಾವಣದೊಡನೆ ಹೋಲಿಸುತ್ತಾರೆ. 100 ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ ಗ್ಲೂಕೋಸ್ ಇರುವ ದ್ರಾವಣದ ಅರ್ಧದಷ್ಟು ಬಣ್ಣ ಬಂದರೆ, ಪರೀಕ್ಷಿಸಿದ ದ್ರಾವಣದಲ್ಲಿರುವುದು 50 ಮಿಲಿಗ್ರಾಂ.

ಮಧುಮೇಹಿಗಳು ಇಂದು ಮನೆಯಲ್ಲಿಯೇ ರಕ್ತಪರೀಕ್ಷೆಗೆ ಬಳಸುವ ಅನೇಕ ಪಟ್ಟಿಗಳಲ್ಲಿಯೂ ಇದೇ ಕಿಣ್ವವಿದೆ. ಅಂದು ಬೂಷ್ಟಿನಲ್ಲಿ ದೊರೆತ ವಸ್ತು ಇಂದು ಅಸಂಖ್ಯ ಜನರ ಆರೋಗ್ಯವನ್ನು ಕಾಯುತ್ತಿದೆ.