ಮನೆಯ ನಾಯಿ, ಮನೆಯ ಕೂಸು

ಗದಗಿನ ಹೊಸ ಬಡಾವಣೆಗಳಲ್ಲಿ ಸೋಫಾದ ಮೇಲೆ ಮಲಗುವ ನಾಯಿಗಳಿವೆ. ಅಲ್ಲಿಂದ ಕಳಸಾಪುರದಂಥ ಹಳ್ಳಿಗೆ ಹೋದರೆ ನಾಯಿಯ ಜಾಗ ಅಂಗಳ. ಊರಿನಿಂದ ಬಂದ ಅಜ್ಜಿ, 'ಕೂಸಿನ ಹಾಸಿಗಿ ಮ್ಯಾಲ ನಾಯಿ ಯಾಕ?' ಎಂದು ಮೂಗು ಮುರಿಯುತ್ತಾಳೆ. ಮೊಮ್ಮಗನಿಗೆ ಅದು ತಮ್ಮನಿದ್ದಂತೆ. ಅಜ್ಜಿಗೆ ನಾಯಿಯ ಮೇಲೆ ದ್ವೇಷವಿದೆ ಎಂದಲ್ಲ. ಮೈಲಾರಲಿಂಗನ ಗೊರವರು ದೇವರ ನಾಯಿಗಳಂತೆ ಬೊಗಳಿ ಸೇವೆ ಸಲ್ಲಿಸುವ ನಾಡು ಇದು. ಪ್ರೀತಿ ಇದ್ದರೂ ಅಂತರವಿತ್ತು, ಅಷ್ಟೆ.

ಅಜ್ಜಿಯ ಮಾತಿನಲ್ಲಿ ಅರ್ಧ ಸತ್ಯವಿದೆ. ನಾಯಿಮರಿಯ ಕರುಳಿನ ದುಂಡುಹುಳುವಿನ ತತ್ತಿಗಳು ಮಲದ ಮೂಲಕ ಮಣ್ಣು ಸೇರುತ್ತವೆ. ಅವು ಮಗುವಿನ ಹೊಟ್ಟೆಗೆ ಹೋದರೆ ಮರಿಹುಳುಗಳು ಯಕೃತ್ತಿಗೆ, ಅಪರೂಪಕ್ಕೆ ಕಣ್ಣಿಗೂ ತಲುಪಬಹುದು. ನಾಯಿಗೆ ಕಾಲಕಾಲಕ್ಕೆ ಜಂತುಹುಳುವಿನ ಔಷಧ ಕೊಡಿಸಿ, ಊಟಕ್ಕೆ ಮುಂಚೆ ಮಗುವಿನ ಕೈಯನ್ನು ಸಾಬೂನಿನಿಂದ ತೊಳೆಸಿ. ಇದಕ್ಕಾಗಿ ನಾಯಿಯನ್ನು ಮನೆ ಬಿಡಿಸಬೇಕಿಲ್ಲ.

ನಿಜವಾದ ಭಯ ರೇಬೀಸ್‌ನದು. ಹತ್ತು ಮನೆಯ ರೊಟ್ಟಿ ತಿನ್ನುವ ಓಣಿಯ ನಾಯಿಗೆ ಲಸಿಕೆ ಹಾಕಿಸುವ ಮನೆ ಬಹುಪಾಲು ಒಂದೂ ಇರುವುದಿಲ್ಲ! ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಶಂಕಿತ ರೇಬೀಸ್ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವವರಲ್ಲಿ ಶೇಕಡಾ 40ರಷ್ಟು ಮಂದಿ 15 ವರ್ಷದೊಳಗಿನ ಮಕ್ಕಳು. ಮಗು ಗಿಡ್ಡ. ಹಾಗಾಗಿ ಮುಖ, ಕುತ್ತಿಗೆಗೇ ಹಲ್ಲು ಬೀಳುವ ಸಂಭವ ಹೆಚ್ಚು. ಅಲ್ಲಿಂದ ಮಿದುಳು ಹತ್ತಿರ.

ಕಚ್ಚಿದ ಕೂಡಲೇ ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಖಾರದ ಪುಡಿ, ಸುಣ್ಣ, ಅರಿಸಿನ ಬೇಡ. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಹಳೆಯ ಹೆದರಿಕೆ ಇನ್ನೂ ಹೋಗಿಲ್ಲ. ಆ ಲಸಿಕೆ ನಿಂತು ಬಹಳ ವರ್ಷಗಳಾದವು. ಈಗ ತೋಳಿಗೆ ಕೆಲವೇ ಚುಚ್ಚುಮದ್ದು. ವೈದ್ಯರು ಹೇಳಿದ ದಿನ ಒಂದನ್ನೂ ತಪ್ಪಿಸಬೇಡಿ. ರೋಗದ ಲಕ್ಷಣ ಕಾಣಿಸಿದ ಮೇಲೆ ಬದುಕುವುದು ಇಲ್ಲವೆನ್ನುವಷ್ಟು ವಿರಳ. ಸಾಕಿದ ನಾಯಿಯ ಪರಚು ಗಾಯವೆಂದು ಅಲಕ್ಷಿಸುವುದೂ ತಪ್ಪೇ.

ಉಣ್ಣುತ್ತಿರುವ, ಮರಿ ಹಾಕಿದ ನಾಯಿಯನ್ನು ಮುಟ್ಟಬಾರದೆಂದು ಮಗುವಿಗೆ ಕಲಿಸಿ. ಚಿಕ್ಕ ಕೂಸನ್ನು ಎಷ್ಟೇ ಸೌಮ್ಯವಾದ ನಾಯಿಯ ಜೊತೆಗೂ ಒಂಟಿಯಾಗಿ ಬಿಡಬೇಡಿ. 'ನಾಯಿ ಹತ್ರ ಯಾಕ ಹೋದಿ?' ಎಂದು ಹೊಡೆಯುವ ಮನೆಯಲ್ಲಿ ಮಕ್ಕಳು ಗಾಯವನ್ನು ಅಂಗಿಯ ಕೆಳಗೆ ಮುಚ್ಚಿಡುತ್ತಾರೆ. ಇಂದು ಸಂಜೆ ಮಗುವನ್ನು ಹತ್ತಿರ ಕೂರಿಸಿಕೊಂಡು, ನಾಯಿ ಕಚ್ಚಿದರೆ ನನಗೆ ಹೇಳು, ನಾನು ಬೈಯುವುದಿಲ್ಲ ಎಂದು ಹೇಳಿಬಿಡಿ.